ಎಲ್ಲರೂ ಬಾಯೊಳಗೇ ಮಾತಾಡುತ್ತಿದ್ದ ಕಾಲ

ನನಗೀಗ 64. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಿಯಾದವಳು. ಮನೆ ಮಂಡ್ಯದಲ್ಲೇ. ವಯಸ್ಸು ನನ್ನ ಮೈಮೇಲೆ ಬಂದದ್ದು ಒಂದೇ ಸಲಕ್ಕಲ್ಲ, ಕಂತಿನಲ್ಲಿ. ನಲವತ್ತು ದಾಟುತ್ತಿದ್ದ ಹಾಗೆ ಚಾಳೀಸು ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕು, ನನ್ನ ಕೈಯಲ್ಲೇ ಮೈಸೂರು ಪಾಕ್ ತರಿಸಿಕೊಂಡು ತಿಂದರು. ಆಮೇಲೆ ತಲೆ ಬೆಳ್ಳಗಾಯಿತು. ಸ್ವಲ್ಪ ಕಾಲ ಬಣ್ಣ ಹಚ್ಚಿದೆ, ಬೇಜಾರಾಗಿ ಬಿಟ್ಟೆ. ಮುಟ್ಟು ನಿಲ್ಲುವ ಹೊತ್ತಿಗೆ ರಾತ್ರಿಯ ನಿದ್ದೆ ಕೆಟ್ಟಿತು, ಇದ್ದಕ್ಕಿದ್ದ ಹಾಗೆ ಮೈ ಕಾದು ಬೆವರುತ್ತಿತ್ತು. ಅದೂ ಕಳೆಯಿತು. ಕೊನೆಗೆ ಮಂಡಿ. ನೆಲದ ಮೇಲೆ ಕೂತರೆ ಏಳುವುದಕ್ಕೆ ಗೋಡೆ ಹುಡುಕಬೇಕು. ನಮ್ಮ ಕಡೆ ಮದುವೆ ಊಟಕ್ಕೆ ಟೇಬಲ್ಲು ಬಂದು ಎಷ್ಟೋ ವರ್ಷವಾಯಿತು, ಮಂಡಿಗಳ ಪುಣ್ಯ.

ಇದಕ್ಕೆಲ್ಲ ನಾನು ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲರಿಗೂ ಆಗುವುದೇ ಅಲ್ವಾ ಅಂತ ಸುಮ್ಮನಾಗುತ್ತಿದ್ದೆ. ಆದರೆ ಕಿವಿ ಮಂದವಾದಾಗ ಮಾತ್ರ ಬೇರೆಯೇ ಮನುಷ್ಯಳಾದೆ. ಸಿಡುಕುವುದು, ಸಂಶಯ ಪಡುವುದು, ಯಾರ ಮನೆಗೂ ಹೋಗದೆ ಕೂರುವುದು. ಅದು ಹೇಗೆ ಶುರುವಾಯಿತು, ಅದರಿಂದ ಎಷ್ಟರ ಮಟ್ಟಿಗೆ ಹೊರಗೆ ಬಂದೆ ಅನ್ನುವುದನ್ನು ಬರೆಯಬೇಕು ಅನಿಸಿದೆ. ನಮ್ಮಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರು ಜಗಲಿಯಲ್ಲಿ ಕೂತು ಅದರ ಕಥೆ ಹೇಳುತ್ತಾರೆ. ಮಂಡಿ ಚಿಪ್ಪು ಬದಲಾಯಿಸಿಕೊಂಡವರು ಸೀರೆ ಸರಿಸಿ ಹೊಲಿಗೆ ತೋರಿಸುತ್ತಾರೆ. ಕಿವಿಯ ವಿಷಯ ಬಂದರೆ ಎಲ್ಲರ ಬಾಯಿಗೂ ಬೀಗ.

ಮೊದಮೊದಲು ನನಗೆ ನನ್ನ ಕಿವಿಯ ಮೇಲೆ ಅನುಮಾನವೇ ಬರಲಿಲ್ಲ. ಜನರ ಮೇಲೆ ಬಂತು. ಈಗಿನ ಹುಡುಗರು ಬಾಯೊಳಗೇ ಮಾತಾಡುತ್ತಾರೆ ಅಂದುಕೊಂಡೆ. ಟೀವಿಯಲ್ಲಿ ವಾರ್ತೆ ಓದುವವರಿಗೆ ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತ ಬೈದೆ. ನಮ್ಮ ಯಜಮಾನರು ಆಗಷ್ಟೇ ಹಲ್ಲು ಕಟ್ಟಿಸಿಕೊಂಡಿದ್ದರು. ಅವರ ಮಾತು ಅದಕ್ಕೇ ತೊದಲುತ್ತದೆ ಅಂತ ತೀರ್ಮಾನ ಮಾಡಿ, ಸೆಟ್ ಸರಿ ಮಾಡಿಸಿಕೊಳ್ಳಿ ಅಂತ ಹಲ್ಲಿನ ಡಾಕ್ಟರ ಹತ್ತಿರ ವಾಪಸ್ಸೂ ಕಳಿಸಿದೆ. ಪಾಪ, ಹೋಗಿ ಬಂದರು.

ಕಿವಿ ಸರಿಯಿರುವವರಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟ. ಮಾತು ಕೇಳಿಸುವುದೇ ಇಲ್ಲ ಅಂತಲ್ಲ. ಕೇಳಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ಒಂದು ಬೆಳಿಗ್ಗೆ ಯಜಮಾನರು ಗೇಟಿನ ಹತ್ತಿರದಿಂದ "ಕಾಸು ಕೊಡೇ" ಅಂದರು. ತರಕಾರಿ ಗಾಡಿ ಬಂದಿತ್ತು. ನನಗೆ ಕೇಳಿಸಿದ್ದು ಕಾಫಿ. ನಾನು ಒಲೆ ಮೇಲೆ ಹಾಲಿಟ್ಟೆ. ಅವರು ಗೇಟಿನಲ್ಲೇ ಕಾಯುತ್ತ ನಿಂತರು, ಗಾಡಿಯವನು ಹೊರಟುಹೋದ. ಆವತ್ತು ಇಬ್ಬರೂ ನಕ್ಕೆವು. ಇಂಥದ್ದು ದಿನಾ ಆಗುವುದಕ್ಕೆ ಶುರುವಾದ ಮೇಲೆ ಯಾರೂ ನಗಲಿಲ್ಲ.

2020ರಲ್ಲಿ ಕೊರೊನಾ ಬಂದು ಎಲ್ಲರೂ ಮಾಸ್ಕ್ ಹಾಕಿಕೊಂಡರಲ್ಲ, ಆಗ ನನ್ನ ಬಣ್ಣ ಬಯಲಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಆ ಹುಡುಗಿ ಏನು ಕೇಳಿದರೂ ನನಗೆ ಒಂದಕ್ಷರ ತಿಳಿಯಲಿಲ್ಲ. ಔಷಧಿ ಅಂಗಡಿಯಲ್ಲೂ ಅದೇ ಪಾಡು. ಅಷ್ಟು ದಿನ ನಾನು ಅರ್ಧ ಮಾತನ್ನು ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದೆ, ನನಗೇ ಗೊತ್ತಿಲ್ಲದ ಹಾಗೆ. ಬಾಯಿ ಮುಚ್ಚಿದ ಮೇಲೆ ಉಳಿದದ್ದು ಗೊಣಗೊಣ ಸದ್ದು. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದವನನ್ನು ಹೆಸರು ಹಿಡಿದು ಎಬ್ಬಿಸುತ್ತಿದ್ದವಳು ನಾನು. ಆ ಕಿವಿಯ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಮಾತು ಕೇಳಿಸದೇ ಇರುವುದಕ್ಕಿಂತ ಜಾಸ್ತಿ ನೋಯಿಸಿದ್ದು "ಏನಿಲ್ಲ ಬಿಡು" ಅನ್ನುವುದು. ಯಾರೋ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ನಾನು "ಏನಂದ್ರಿ?" ಅನ್ನುತ್ತೇನೆ. ಇನ್ನೊಂದು ಸಲ ಹೇಳುತ್ತಾರೆ. ಆಗಲೂ ತಿಳಿಯುವುದಿಲ್ಲ. ಮೂರನೆಯ ಸಲ ಕೇಳಿದರೆ "ಏನಿಲ್ಲ ಬಿಡು". ಹೇಳುವವರಿಗೆ ಅದು ಸಣ್ಣ ಮಾತು, ನಿಜವಾಗಿಯೂ ಏನೂ ಇರುವುದಿಲ್ಲ. ಆದರೆ ಮನೆಯ ಮಾತೆಲ್ಲ ಏನೂ ಇಲ್ಲದ ಮಾತೇ ಅಲ್ವಾ? ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದು, ಸಾರಿಗೆ ಹುಳಿ ಕಡಿಮೆಯಾದದ್ದು, ಯಾರೋ ಸೀರೆ ಸೆರಗು ಸಿಕ್ಕಿಸಿಕೊಂಡು ಬಿದ್ದದ್ದು. ಅದೊಂದೂ ನನಗೆ ಸಿಗದೆ ಬರೀ ಮುಖ್ಯವಾದ ಮಾತು ಮಾತ್ರ ಸಿಗತೊಡಗಿತು. "ಮಾತ್ರೆ ತಗೊಂಡ್ಯಾ?" "ಗ್ಯಾಸ್ ಆಫ್ ಮಾಡು." ಅದೂ ಕೂಗಿ.

ಕೂಗಿದರೆ ಆಗುತ್ತದೆಯೇ ಅಂದರೆ ಅದೂ ಇಲ್ಲ. ಮೆಲ್ಲಗೆ ಹೇಳಿದರೆ ಕೇಳದು, ಜೋರಾಗಿ ಹೇಳಿದರೆ ಕಿವಿಗೆ ಚುಚ್ಚುತ್ತದೆ. "ಯಾಕ್ರೀ ಹಂಗೆ ಅರಚ್ತೀರ?" ಅಂತ ನಾನು, "ಮತ್ತೆ ಕೇಳ್ಸಲ್ಲ ಅಂತೀಯಲ್ಲ" ಅಂತ ಅವರು. ಇದೂ ಈ ಕಾಯಿಲೆಯ ಒಂದು ಗುಣ ಅಂತ ಆಮೇಲೆ ಡಾಕ್ಟರು ಹೇಳಿದರು. ಕೇಳಿಸುವುದಕ್ಕೂ ಸಹಿಸಲಾಗದ್ದಕ್ಕೂ ನಡುವಿನ ಜಾಗ ಕಿರಿದಾಗಿ ಹೋಗಿರುತ್ತದಂತೆ. ಆಗ ಅದು ಗೊತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ದಿನವಿಡೀ ಜಗಳದ ದನಿ. ಬೀದಿಯವರು ಏನಂದುಕೊಂಡರೋ.

ನಾನು ಹೊರಗೆ ಹೋಗುವುದನ್ನು ಕಡಿಮೆ ಮಾಡಿದೆ. ನಿವೃತ್ತ ಶಿಕ್ಷಕರೆಲ್ಲ ಆಗಾಗ ಸೇರುತ್ತಿದ್ದೆವು. ಅಲ್ಲಿ ಒಂದು ಸಲ ಯಾರೋ ನನ್ನ ತಮ್ಮ ತೀರಿಕೊಂಡ ವಿಷಯ ಕೇಳಿದ್ದಾರೆ. ನಾನು ಇನ್ನೇನೋ ಕೇಳಿದರು ಅಂದುಕೊಂಡು "ಚೆನ್ನಾಗಾಯ್ತು ಬಿಡಿ" ಅಂದುಬಿಟ್ಟೆ. ಅವರ ಮುಖ ನೋಡಿದ ಮೇಲೆ ಗೊತ್ತಾಯಿತು. ಅಲ್ಲಿಂದಾಚೆಗೆ ಮಂಡಿ ನೋವಿನ ನೆಪ ಹೇಳಿ ತಪ್ಪಿಸಿಕೊಂಡೆ. ಮಂಡಿ ಆ ಮಟ್ಟಿಗೆ ಉಪಕಾರಿ. ಬೀಗರೂಟಗಳಿಗೆ ಹೋಗಲೇಬೇಕಿತ್ತು, ಹೋದರೆ ನಗುಮುಖ ಇಟ್ಟುಕೊಂಡು ತಲೆಯಾಡಿಸುತ್ತ ಕೂರುವುದು. ಮಂಡ್ಯದ ಬೀಗರೂಟ ಅಂದರೆ ಗೊತ್ತಲ್ಲ, ಸಾವಿರ ಜನ, ತಟ್ಟೆ ಸದ್ದು, ಸ್ಪೀಕರಿನಲ್ಲಿ ಹಾಡು, ಅದರ ಮೇಲೆ ಎಲ್ಲರೂ ಕೂಗಾಡಿ ಮಾತು. ಮನೆಗೆ ಬರುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಮಾತನ್ನು ಊಹಿಸುವುದೂ ಒಂದು ದುಡಿಮೆ. ಅದು ಹೊರಗೆ ಕಾಣುವುದಿಲ್ಲ, ಅಷ್ಟೇ.

ಕಿವಿಯೇ ಯಾಕೆ ಇಷ್ಟು ನೋಯಿಸಿತು ಅಂತ ಬಹಳ ಯೋಚಿಸಿದ್ದೇನೆ. ಮಂಡಿ ನೋವು ನನ್ನೊಬ್ಬಳ ಪಾಡು. ನರಳಿದರೂ ನಾನೇ, ಎಣ್ಣೆ ಉಜ್ಜಿಕೊಂಡರೂ ನಾನೇ. ಕಿವಿ ಹಾಗಲ್ಲ. ಅದು ಹೋದರೆ ನನ್ನ ಜೊತೆ ಎದುರಿನವರೂ ಕಷ್ಟ ಪಡಬೇಕು. ಮಂಡಿ ನೋವು ಅಂದರೆ ಜನ ಕುರ್ಚಿ ತಂದು ಕೊಡುತ್ತಾರೆ, ಕಿವಿ ಕೇಳದಿದ್ದರೆ ರೇಗುತ್ತಾರೆ. ಇಲ್ಲ ನಗುತ್ತಾರೆ. ನಮ್ಮೂರ ನಾಟಕಗಳಲ್ಲಿ ಕೆಪ್ಪನ ಪಾತ್ರ ಬರುತ್ತಿದ್ದದ್ದೇ ಜನರನ್ನು ನಗಿಸುವುದಕ್ಕೆ. ಕುರುಡನ ಪಾತ್ರಕ್ಕೆ ಅಳು, ಕೆಪ್ಪನ ಪಾತ್ರಕ್ಕೆ ನಗು. ಚಿಕ್ಕಂದಿನಲ್ಲಿ ನಾನೂ ಬಿದ್ದು ಬಿದ್ದು ನಕ್ಕಿದ್ದೇನೆ.

ಇನ್ನೊಂದು ಭಯವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ನಮ್ಮಮ್ಮ. ಪಾಂಡವಪುರದ ಹತ್ತಿರ ನಮ್ಮೂರು. ಅಮ್ಮನಿಗೆ ಎಪ್ಪತ್ತು ದಾಟಿದ ಮೇಲೆ ಕಿವಿ ಪೂರ್ತಿ ಹೋಯಿತು. ಕೇಳಿದ್ದೊಂದು, ಹೇಳಿದ್ದೊಂದು. "ಅವ್ವಂಗೆ ಅರುಳು ಮರುಳು ಕಣಕ್ಕ" ಅಂತ ಊರಿನವರೆಲ್ಲ ತೀರ್ಮಾನ ಮಾಡಿದರು. ಕೊನೆಕೊನೆಗೆ ಅವಳು ಮಾತಾಡುವುದನ್ನೇ ಬಿಟ್ಟು ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದಳು. ಅದು ಮರೆವೋ, ಬರೀ ಕಿವಿಯೋ ಅಂತ ಯಾವ ಡಾಕ್ಟರೂ ನೋಡಿರಲಿಲ್ಲ. ನನ್ನ ಮಗಳು ಒಂದು ದಿನ ಫೋನಿನಲ್ಲಿ, ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿಯ ವಿಷಯ ಹೇಳಿದಳು. 2017ರಲ್ಲಿ, ಮತ್ತೆ 2020ರಲ್ಲಿ, 2024ರಲ್ಲಿ ಬಂದ ಮೂರು ವರದಿಗಳಲ್ಲೂ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ ಸಂಗತಿಗಳ ಪಟ್ಟಿಯಲ್ಲಿ ಕಿವಿ ಮಂದವಾಗುವುದೂ ಇದೆ. ಕಿವಿ ಹೋದವರಿಗೆಲ್ಲ ಮರೆವು ಬರುತ್ತದೆ ಅಂತ ಅದರ ಅರ್ಥವಲ್ಲ ಅಂತ ಅವಳು ಎರಡೆರಡು ಸಲ ಹೇಳಿದಳು. ಆದರೂ ಅಮ್ಮ ಕೂರುತ್ತಿದ್ದ ಆ ಬಾಗಿಲು ಕಣ್ಣ ಮುಂದೆ ಬಂತು.

ಮೊದಲು ಮಂಡ್ಯದಲ್ಲೇ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆ. ಬರೀ ಗುಗ್ಗೆ ಇರಲಿ ದೇವರೇ ಅಂತ ಬೇಡಿಕೊಂಡು ಹೋಗಿದ್ದೆ. ಇತ್ತು, ತೆಗೆದರು. ತೆಗೆದ ಮೇಲೂ ಅಷ್ಟೇ ಕೇಳಿಸಿತು. ಅಷ್ಟೊಂದು ನಿರಾಸೆ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಆಗಿರಲಿಲ್ಲ. ಆಮೇಲೆ ಜಾಹೀರಾತು ನೋಡಿ, ಉಚಿತವಾಗಿ ಟೆಸ್ಟ್ ಮಾಡುತ್ತೇವೆ ಅನ್ನುವ ಒಂದು ಅಂಗಡಿಗೂ ಹೋದೆವು. ಟೆಸ್ಟು ಬೇಗ ಮುಗಿಯಿತು, ಕಿವಿಗೆ ಹಾಕುವ ಮೆಷೀನಿನ ಬೆಲೆಯ ಮಾತು ಮಾತ್ರ ಮುಗಿಯಲೇ ಇಲ್ಲ. ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ ಅಂತ ಬೇರೆ. ಯಜಮಾನರು "ಒಂದ್ ಜೊತೆ ಎಮ್ಮೆ ಬತ್ತವೆ ಕಣೇ ಇಷ್ಟು ದುಡ್ಡಿಗೆ" ಅಂತ ಎದ್ದರು. ನಾನೂ ಎದ್ದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಮಾತು ಬಾರದ ಮಕ್ಕಳನ್ನು ಕರೆದುಕೊಂಡು ದೇಶದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ಮಂಡ್ಯದಿಂದ ರೈಲಿನಲ್ಲಿ ಹೋದರೆ ನಲವತ್ತೈದು ಕಿಲೋಮೀಟರ್ ಆಸುಪಾಸು. ಅಷ್ಟು ಹತ್ತಿರ ಇದ್ದರೂ, ಅದು ಮಕ್ಕಳ ಆಸ್ಪತ್ರೆ ಅಂದುಕೊಂಡೇ ಇದ್ದೆ. ಬೆಳಗಿನ ರೈಲು ಹತ್ತಿದೆವು. ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ. ಕಾವೇರಿ ಸೇತುವೆ ಮೇಲೆ ರೈಲಿನ ಸದ್ದು ಬದಲಾಗುವುದು ನನಗೆ ಚೆನ್ನಾಗಿಯೇ ಕೇಳಿಸಿತು. "ನೋಡಿ, ಕೇಳಿಸ್ತಿದೆ" ಅಂದೆ. ವಾಪಸ್ ಹೋಗೋಣ ಅಂತ ಒಳಗೊಳಗೇ ಆಸೆ.

ಅಲ್ಲಿ ಮೊದಲು ಹೆಸರು ಬರೆಸಿ, ಆಮೇಲೆ ಕೇಳುವ ಪ್ರಶ್ನೆಗೆಲ್ಲ ಉತ್ತರ ಹೇಳಬೇಕು. ಸಕ್ಕರೆ ಕಾಯಿಲೆ ಇದೆಯಾ, ಬಿಪಿ ಇದೆಯಾ, ಕಿವಿಯಲ್ಲಿ ಗುಂಯ್ ಅನ್ನುತ್ತಾ, ತಲೆ ಸುತ್ತುತ್ತಾ, ಸದ್ದಿನ ಜಾಗದಲ್ಲಿ ಕೆಲಸ ಮಾಡಿದ್ದೀರಾ. ಕೇಳಿದವಳು ನನ್ನ ಮೊಮ್ಮಗಳ ವಯಸ್ಸಿಗೆ ಸ್ವಲ್ಪ ದೊಡ್ಡವಳಿರಬಹುದು, ಅಲ್ಲೇ ಓದುವ ಹುಡುಗಿ. ಆದರೆ ನನ್ನ ಮುಖ ನೋಡಿಕೊಂಡು, ಕೂಗದೆ, ಬಿಡಿಸಿ ಮಾತಾಡಿದಳು. ಅವಳ ಒಂದೊಂದು ಮಾತೂ ತಿಳಿಯಿತು. ಎಷ್ಟೋ ದಿನಗಳ ಮೇಲೆ ಒಬ್ಬರ ಹತ್ತಿರ "ಏನಂದ್ರಿ" ಅನ್ನದೆ ಮಾತಾಡಿದ್ದೆ. ಗಂಟಲು ಕಟ್ಟಿತು.

ಟೆಸ್ಟು ನಡೆಯುವುದು ದಪ್ಪ ಬಾಗಿಲಿನ ಒಂದು ಕೋಣೆಯಲ್ಲಿ. ಹೊರಗಿನ ಸದ್ದು ಒಳಗೆ ಬರುವುದೇ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಕೈಗೆ ಒಂದು ಬಟನ್ ಕೊಟ್ಟರು. ಎಷ್ಟು ಸಣ್ಣ ಸದ್ದು ಕೇಳಿಸಿದರೂ ಒತ್ತಬೇಕು. ಗಾಜಿನ ಆ ಕಡೆ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವವರು, ಕೂತಿದ್ದರು. ಜೀವಮಾನವೆಲ್ಲ ಪರೀಕ್ಷೆ ಕೊಟ್ಟವಳಿಗೆ ಈಗ ಪರೀಕ್ಷೆ. ಸದ್ದು ಕೇಳಿಸದೇ ಇದ್ದಾಗಲೂ ಒತ್ತಿಬಿಡೋಣ ಅನಿಸುತ್ತಿತ್ತು. ಕಾಪಿ ಹೊಡೆಯುವ ಹುಡುಗರ ಮನಸ್ಸು ಆವತ್ತು ಅರ್ಥವಾಯಿತು. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಸಣ್ಣ ಯಂತ್ರ ಒತ್ತಿ ಅದೇ ಟೆಸ್ಟನ್ನು ಇನ್ನೊಂದು ಸಲ ಮಾಡಿದರು. ಗಾಳಿಯ ದಾರಿಯಿಂದ ಬಂದ ಸದ್ದೂ ಮೂಳೆಯ ದಾರಿಯಿಂದ ಬಂದ ಸದ್ದೂ ಒಂದೇ ಸಮ ಕಡಿಮೆ ಕೇಳಿಸಿದರೆ ತೊಂದರೆ ಒಳಗಿವಿಯಲ್ಲೇ ಇದೆ ಅಂತ ಲೆಕ್ಕ. ಕೊನೆಯಲ್ಲಿ ಪದಗಳನ್ನು ಕೇಳಿಸಿ ತಿರುಗಿ ಹೇಳಿಸಿದರು. ಅದರಲ್ಲಿ ನಾನು ಚೆನ್ನಾಗಿಯೇ ಫೇಲಾದೆ.

ಫಲಿತಾಂಶದ ಕಾಗದ ಕೈಗೆ ಬಂತು. ಅದು ಗ್ರಾಫ್! ಅಷ್ಟು ಹೊತ್ತು ಮುದುಡಿ ಕೂತಿದ್ದವಳು ಕನ್ನಡಕ ಸರಿ ಮಾಡಿಕೊಂಡು ಎದ್ದು ಕೂತೆ. ಅಡ್ಡಕ್ಕೆ ಶಬ್ದದ ಕಂಪನ, 250, 500, 1000, ಹೀಗೆ ದುಪ್ಪಟ್ಟಾಗುತ್ತ 8000 ಹರ್ಟ್ಸ್‌ವರೆಗೆ. ಉದ್ದಕ್ಕೆ ಡೆಸಿಬಲ್, ಅಂದರೆ ಸದ್ದು ಎಷ್ಟು ಜೋರಿದ್ದರೆ ಕೇಳಿಸುತ್ತದೆ ಅನ್ನುವ ಅಳತೆ. ಸೊನ್ನೆ ಮೇಲೆ, ದೊಡ್ಡ ಸಂಖ್ಯೆ ಕೆಳಗೆ. ನಮ್ಮ ಮಕ್ಕಳು ಹೀಗೆ ಅಕ್ಷ ತಲೆಕೆಳಗಾಗಿ ಬರೆದಿದ್ದರೆ ಅಂಕ ಕತ್ತರಿಸುತ್ತಿದ್ದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. ಎರಡೂ ಗೆರೆ ಎಡಗಡೆ ಮೇಲೆ ಶುರುವಾಗಿ, ಸಾವಿರ ದಾಟಿದ ಮೇಲೆ ಇಳಿಯುತ್ತ ಇಳಿಯುತ್ತ ಹೋಗಿದ್ದವು. 500ರ ಹತ್ತಿರ 25 ಡೆಸಿಬಲ್, ಅಂದರೆ ಹೆಚ್ಚುಕಡಿಮೆ ಸರಿ. 4000ದ ಹತ್ತಿರ 65.

ಆಡಿಯಾಲಜಿಸ್ಟ್ ವಿವರಿಸಿದರು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ನಾಳದೊಳಗೆ ಸಣ್ಣ ಸಣ್ಣ ಕೂದಲಿನಂಥ ಕೋಶಗಳಿರುತ್ತವೆ. ಕೀಚಲು ಸದ್ದನ್ನು ಹಿಡಿಯುವ ಕೋಶಗಳು ಬಾಗಿಲ ಹತ್ತಿರವೇ ಇವೆ. ವಯಸ್ಸಾದ ಹಾಗೆ ಮೊದಲು ಸವೆಯುವುದು ಅವೇ. ಸವೆದದ್ದು ಮತ್ತೆ ಹುಟ್ಟುವುದಿಲ್ಲ, ಔಷಧಿಯೂ ಇಲ್ಲ. ಅ, ಓ, ಊ ಅನ್ನುವ ಸ್ವರಗಳು ಗ್ರಾಫಿನ ಎಡಗಡೆಯವು, ಅವು ನನಗೆ ಕೇಳಿಸುತ್ತವೆ. ಸ, ಶ, ಫ, ತ, ಕ ಇವೆಲ್ಲ ಬಲಗಡೆಯ ಕೀಚಲು ಸದ್ದು, ಅದೂ ಮೆಲು ದನಿಯವು. ಮಾತಿನ ಗದ್ದಲ ಎಡದಿಂದ ಬರುತ್ತದೆ, ಅರ್ಥ ಬಲದಿಂದ. ಕಾಸು ಕಾಫಿ ಆದದ್ದು ಹೀಗೆ. ಯಜಮಾನರ ಹಲ್ಲಿನ ಸೆಟ್ಟು ನಿರಪರಾಧಿ.

ರೈಲಿನಲ್ಲಿ ವಾಪಸ್ ಬರುವಾಗ ನಾನು ಆ ಕಾಗದವನ್ನೇ ನೋಡುತ್ತಿದ್ದೆ. ಡೆಸಿಬಲ್ ಅನ್ನುವುದು ಲಾಗರಿದಮ್ ಲೆಕ್ಕ. ಹತ್ತು ಡೆಸಿಬಲ್ ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟು. ಮೂವತ್ತು ಹೆಚ್ಚಿದರೆ ಸಾವಿರ ಪಟ್ಟು. 25ಕ್ಕೂ 65ಕ್ಕೂ ನಡುವೆ ನಲವತ್ತು, ಅಂದರೆ ಹತ್ತು ಸಾವಿರ ಪಟ್ಟು. ನಾನು ಸೋಮಾರಿಯಾಗಿ ಕೇಳದೇ ಇದ್ದದ್ದಲ್ಲ, ಗಮನ ಕೊಡದೇ ಇದ್ದದ್ದಲ್ಲ, ತಲೆ ಕೆಟ್ಟದ್ದೂ ಅಲ್ಲ. ಯಜಮಾನರಿಗೂ ಲೆಕ್ಕ ಬಿಡಿಸಿ ತೋರಿಸಿದೆ. ಹತ್ತು ಸಾವಿರ ಅಂದದ್ದು ಅವರಿಗೆ ನಾಟಿತು. "ಅಷ್ಟೊಂದಾ?" ಅಂದರು. ಆಮೇಲೆ ಮಂಡ್ಯ ಬರುವವರೆಗೆ ಮಾತಾಡಲಿಲ್ಲ.

ಲೆಕ್ಕದಿಂದ ಸಮಾಧಾನವಾಯಿತು ಅಂದುಕೊಂಡರೆ ರಾತ್ರಿ ಅಳು ಬಂತು. ಬಿಳಿ ಕೂದಲಿಗೆ ಬಣ್ಣ ಇದೆ, ಮಂಡಿಗೆ ಆಪರೇಷನ್ ಇದೆ, ಕಣ್ಣಿಗೆ ಹೊಸ ಲೆನ್ಸ್ ಇದೆ. ಇದು ಹೋದದ್ದು ಹೋಯಿತು. ಅದಕ್ಕೆ ಅಳದೆ ಹಾಗೇ ದಾಟಿ ಮೆಷೀನಿನ ಮಾತಿಗೆ ಹೋಗಬೇಕು ಅನ್ನುವ ಆತುರ ಮನೆಯವರಿಗೆಲ್ಲ ಇತ್ತು. ಮಗಳು ಅಂತೂ ಫೋನಿನಲ್ಲೇ ಬ್ರ್ಯಾಂಡು ಹುಡುಕುತ್ತಿದ್ದಳು. ಸ್ವಲ್ಪ ದಿನ ಬಿಡಿ ಅಂದೆ. ಒಂದು ಸಾವಿಗೆ ಕೊಡುವಷ್ಟಲ್ಲದಿದ್ದರೂ ಇದಕ್ಕೂ ಒಂದು ಸೂತಕದ ಲೆಕ್ಕ ಬೇಕು ಅಂತ ನನ್ನ ಅಭಿಪ್ರಾಯ. ಧೈರ್ಯ ತಗೋ, ಪಾಸಿಟಿವ್ ಆಗಿರು ಅನ್ನುವವರಿಂದ ನನಗೆ ಕಾಸಿನ ಉಪಯೋಗವೂ ಆಗಲಿಲ್ಲ. ಪಕ್ಕದ ಮನೆಯ ಅಕ್ಕ ಮಾತ್ರ, "ಅಯ್ಯೋ, ಬೇಜಾರಾಗುತ್ತೆ ಕಣವ್ವ" ಅಂತ ಕೈ ಹಿಡಿದುಕೊಂಡು ಕೂತಿದ್ದಳು. ಅದು ಸಾಕಾಯಿತು.

ಮೆಷೀನು ಆರಿಸುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ, ಕಾಣಬಾರದು. ಕಿವಿಯೊಳಗೇ ಅಡಗುವಂಥದ್ದು ಇದೆ. ಆದರೆ ನನ್ನಂಥ ಗೆರೆಗೆ, ಕಿವಿಯ ಹಿಂದೆ ಕೂತು ಸಣ್ಣ ತಂತಿಯಲ್ಲಿ ಸ್ಪೀಕರನ್ನು ಕಿವಿಯೊಳಗೆ ಇಳಿಸುವ ನಮೂನೆ ಒಳ್ಳೆಯದು ಅಂದರು. ಕಿವಿ ಪೂರ್ತಿ ಮುಚ್ಚುವುದಿಲ್ಲ, ಸರಿಯಾಗಿ ಕೇಳಿಸುವ ಕೆಳದನಿ ತಾನೇ ಒಳಗೆ ಹೋಗುತ್ತದೆ, ಬೇಕಾದ ಮೇಲಿನ ದನಿಯನ್ನು ಮಾತ್ರ ಮೆಷೀನು ಎತ್ತಿ ಕೊಡುತ್ತದೆ. ಎರಡೂ ಕಿವಿಗೆ ಹಾಕಿಸಿಕೊಳ್ಳುವುದು ವಾಸಿ ಅಂತಲೂ ಹೇಳಿದರು. ಸದ್ದು ಯಾವ ಕಡೆಯಿಂದ ಬಂತು ಅಂತ ಗೊತ್ತಾಗುವುದಕ್ಕೆ ಎರಡು ಕಿವಿ ಬೇಕು. ಪೆನ್ಷನ್ನಿನವಳಿಗೆ ಇದು ಸಣ್ಣ ಖರ್ಚಲ್ಲ. ಆದಾಯದ ಮಿತಿಯೊಳಗೆ ಇರುವವರಿಗೆ ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಉಚಿತವಾಗಿ ಅಥವಾ ಅರ್ಧ ಬೆಲೆಗೆ ಸಿಗುತ್ತದೆ. ನನಗೆ ಅದು ಅನ್ವಯಿಸಲಿಲ್ಲ. ಬಳೆ ಮಾಡಿಸೋಣ ಅಂತ ಕೂಡಿಟ್ಟದ್ದಿತ್ತು. ಕೈಗೆ ಆಗಬೇಕಾದದ್ದು ಕಿವಿಗೆ ಆಯಿತು.

ಹಾಕಿಕೊಂಡ ದಿನ ಏನೋ ಪವಾಡ ಆಗುತ್ತದೆ ಅಂತ ಎಲ್ಲರೂ ಕಾಯುತ್ತಿದ್ದರು. ಆಗಿದ್ದು ಗದ್ದಲ. ನನ್ನದೇ ಚಪ್ಪಲಿ ಸದ್ದು, ಸೀರೆ ನೆರಿಗೆಯ ಸರಸರ, ಪ್ಲಾಸ್ಟಿಕ್ ಕವರು, ನಲ್ಲಿ ನೀರು, ಫ್ಯಾನು. ಮನೆಗೆ ಬಂದು ಪೇಪರಿನ ಹಾಳೆ ಮಗುಚಿದರೆ ಯಾರೋ ತಗಡು ಮಡಿಸಿದ ಹಾಗಿತ್ತು. ನನ್ನ ದನಿ ನನಗೇ ಇನ್ಯಾರದೋ ಅನಿಸಿತು. ಮಗಳು ವಿಡಿಯೋ ಕಾಲ್ ಮಾಡಿ, "ಅಮ್ಮಾ, ಹಕ್ಕಿ ಸದ್ದು ಕೇಳಿಸ್ತಾ?" ಅಂದಳು. ಹಕ್ಕಿಗಿಂತ ಮುಂಚೆ ಮಿಕ್ಸಿ ಕೇಳಿಸಿತ್ತು. ಸಂಜೆಯೊಳಗೆ ಕಿತ್ತು ಡಬ್ಬಿಗೆ ಹಾಕಿದೆ.

ಹೀಗಾಗುತ್ತದೆ ಅಂತ ಅವರು ಮೊದಲೇ ಹೇಳಿ ಕಳಿಸಿದ್ದರು. ಎಷ್ಟೋ ವರ್ಷದಿಂದ ಮಿದುಳಿಗೆ ಆ ಸದ್ದುಗಳು ಬಂದೇ ಇಲ್ಲ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ಅದಕ್ಕೆ ಮರೆತುಹೋಗಿದೆ. ಮತ್ತೆ ಕಲಿಯುವುದಕ್ಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಮೊದಲು ಸದ್ದಿಲ್ಲದ ಮನೆಯಲ್ಲಿ ಒಬ್ಬರ ಜೊತೆ, ಆಮೇಲೆ ಇಬ್ಬರು ಮೂವರ ಜೊತೆ, ಆಮೇಲೆ ಬೀದಿ, ಕೊನೆಗೆ ಮಾರ್ಕೆಟ್ಟು. ಹೀಗೆ ಸ್ವಲ್ಪ ಸ್ವಲ್ಪವಾಗಿ ಹೊತ್ತು ಹೆಚ್ಚಿಸಬೇಕು. ಪಾಠ ಮಾಡುವ ಕ್ರಮವೂ ಇದೇ ಅಲ್ವಾ, ಸುಲಭದಿಂದ ಕಷ್ಟಕ್ಕೆ. ನಾನು ದಿನಾ ಬೆಳಿಗ್ಗೆ ಪೇಪರನ್ನು ಜೋರಾಗಿ ಓದಿಕೊಂಡೆ. ಮಧ್ಯಾಹ್ನ ಯಜಮಾನರು ಅಡುಗೆಮನೆ ಸ್ಟೂಲಿನ ಮೇಲೆ ಕೂತು ಏನಾದರೂ ಹೇಳಬೇಕು. ಹೇಳುವುದಕ್ಕೆ ಏನೂ ಸಿಗದೆ ಒಂದು ದಿನ ಗದ್ದೆಯ ಪಾಲಿನ ಹಳೇ ಜಗಳ ಎತ್ತಿದರು. ಪೂರ್ತಿ ಕೇಳಿಸಿತು. ಜಗಳವೂ ಆಯಿತು.

ಸೆಟ್ಟಿಂಗ್ ಬದಲಾಯಿಸಿಕೊಳ್ಳುವುದಕ್ಕೆ ಮತ್ತೆ ಮೈಸೂರಿಗೆ ಹೋಗಬೇಕಾಯಿತು. ಪಾತ್ರೆ ಸದ್ದು ಚುಚ್ಚುತ್ತದೆ ಅಂದೆ, ಕಂಪ್ಯೂಟರಿಗೆ ಸೇರಿಸಿ ಅದನ್ನು ತಗ್ಗಿಸಿದರು. ಇದು ಮುಖ್ಯ. ಮೆಷೀನು ಸರಿ ಬರಲಿಲ್ಲ ಅಂತ ಬೀರುವಿನಲ್ಲಿ ಇಟ್ಟವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಅವರು ವಾಪಸ್ ಹೋಗಿ ಇದು ಹೀಗಾಗುತ್ತಿದೆ ಅಂತ ಹೇಳಿರುವುದಿಲ್ಲ, ಅಷ್ಟೇ. ಉಳಿದ ಕೆಲಸ ಸಣ್ಣವು. ಗೋಲಿ ಸೆಲ್ಲಿನ ಮೇಲಿನ ಸ್ಟಿಕರ್ ಕಿತ್ತು, ಗಾಳಿ ತಾಗುವುದಕ್ಕೆ ಒಂದು ನಿಮಿಷ ಬಿಟ್ಟು ಹಾಕಬೇಕು. ಒಂದು ಸೆಲ್ಲು ಹೆಚ್ಚುಕಡಿಮೆ ವಾರ ಬರುತ್ತದೆ. ಸ್ನಾನಕ್ಕೆ, ಎಣ್ಣೆ ಹಚ್ಚುವುದಕ್ಕೆ, ಮಲಗುವುದಕ್ಕೆ ಮುಂಚೆ ತೆಗೆಯಬೇಕು. ಮಳೆಗಾಲದಲ್ಲಿ ತೇವ ಹೀರುವ ಡಬ್ಬಿಯಲ್ಲಿ ಇಡಬೇಕು. ಯಾರೂ ಹೇಳದೆ ನಾನೇ ಕಂಡುಕೊಂಡದ್ದು ಇನ್ನೊಂದಿದೆ. ಮಲ್ಲಿಗೆ ದಂಡೆಯನ್ನು ಉದ್ದಕ್ಕೆ ಬಿಟ್ಟು ಮುಡಿದರೆ ಹೂವು ಮೈಕಿಗೆ ತಾಗಿ ದಿನವಿಡೀ ಬರಬರ ಅನ್ನುತ್ತದೆ. ಈಗ ತುರುಬಿನ ಹಿಂದಕ್ಕೆ ಮುಡಿಯುತ್ತೇನೆ.

ನಾಚಿಕೆ ಅಷ್ಟು ಬೇಗ ಹೋಗಲಿಲ್ಲ. ಮೊದಮೊದಲು ಸೆರಗು ತಲೆ ಮೇಲೆ ಎಳೆದುಕೊಂಡು ವಾಕಿಂಗ್ ಹೋಗುತ್ತಿದ್ದೆ, ಬಿಸಿಲು ಅಂತ ಹೇಳಿಕೊಂಡು. ಸ್ಟೇಡಿಯಂ ಹತ್ತಿರ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಸಿಕ್ಕಿ, ಕಿವಿಯ ಕಡೆ ನೋಡಿ, "ಬ್ಲೂಟೂತಾ ಮಿಸ್? ಚೆನ್ನಾಗಿದೆ" ಅಂದಳು. ಹೌದು ಅಂದುಬಿಡಬಹುದಿತ್ತು. "ಇಲ್ಲ ಕಣಮ್ಮ, ಕಿವಿ ಕೇಳಿಸಲ್ಲ, ಅದಕ್ಕೆ" ಅಂದೆ. ಬಾಯಿಂದ ಅದು ಹೇಗೆ ಬಂತೋ. ಅವಳು ಸಹಜವಾಗಿ "ಹೌದಾ" ಅಂದು, ಎಡಗಡೆಯಿಂದ ಸರಿದು ಎದುರಿಗೆ ಬಂದು ನಿಂತು ಮಾತು ಮುಂದುವರಿಸಿದಳು. ಇಷ್ಟೇನಾ ಅನಿಸಿತು. ಎಲ್ಲರೂ ಅವಳಂತೆ ಇರುವುದಿಲ್ಲ. ಸಂಬಂಧಿಕರೊಬ್ಬರು ಮದುವೆ ಮನೆಯಲ್ಲಿ ನನ್ನ ಮುಂದೆಯೇ, "ಕೆಪ್ಪಿ ಆಗೋದ್ಲು ಪಾಪ" ಅಂತ ಪಕ್ಕದವರಿಗೆ ಪಿಸುಗುಟ್ಟಿದರು. ಮೆಷೀನು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅವರಿಗೇ ಹೇಳಿದೆ.

ಮನೆಯಲ್ಲಿ ಈಗ ಕೆಲವು ಕಟ್ಟಳೆ ಇವೆ. ಮೊದಲು ಹೆಸರು ಹಿಡಿದು ಕರೆಯಬೇಕು, ಆಮೇಲೆ ವಿಷಯ. ಒಳಕೋಣೆಯಿಂದ ಕೂಗಿ ಹೇಳಿದ ಮಾತು ಹೇಳಿದ ಹಾಗಲ್ಲ. ತಿಳಿಯದಿದ್ದರೆ ಅದೇ ಪದವನ್ನು ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಬೇಕು. ಕಾಸು ಬೇಡ, ದುಡ್ಡು ಅನ್ನಿ. "ಏನಿಲ್ಲ ಬಿಡು" ಅನ್ನುವುದು ಈ ಮನೆಯಲ್ಲಿ ಬಂದ್. ಯಜಮಾನರು ಈಗಲೂ ಟೀವಿ ಕಡೆ ಮುಖ ಮಾಡಿಕೊಂಡೇ ನನ್ನ ಜೊತೆ ಮಾತಾಡುತ್ತಾರೆ. ರಿಮೋಟ್ ಕೈಗೆ ತೆಗೆದುಕೊಂಡರೆ ತಿರುಗುತ್ತಾರೆ.

ಹೋದದ್ದೆಲ್ಲ ಬಂತೇ ಅಂದರೆ ಇಲ್ಲ. ಗದ್ದಲದಲ್ಲಿ ಮಾತು ಈಗಲೂ ಅರ್ಧ ಸಿಗುತ್ತದೆ. 8000ದ ಹತ್ತಿರದ ಸದ್ದುಗಳು ನನ್ನ ಪಾಲಿಗೆ ಮುಗಿದವು. ಕತ್ತಲಲ್ಲಿ, ಮೆಷೀನು ತೆಗೆದ ಮೇಲೆ, ಗಂಡ ಹೆಂಡತಿ ಮಲಗಿಕೊಂಡು ಆಡುವ ಮಾತು ನಿಂತುಹೋಗಿದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಈಗ ಮಾತಾಡುವುದಿದ್ದರೆ ಲೈಟ್ ಹಾಕಿಕೊಂಡು ಎದ್ದು ಕೂರಬೇಕು, ಅಷ್ಟು ಹೊತ್ತಿಗೆ ಹೇಳಬೇಕಾದದ್ದು ಮರೆತಿರುತ್ತದೆ. ಇದಕ್ಕೆ ಮಾತ್ರ ನನಗೆ ಇನ್ನೂ ಬೇಜಾರಿದೆ.

ಹೋದ ವಾರ ನಮ್ಮ ಭಾವನವರು ಬಂದಿದ್ದರು. ಎಪ್ಪತ್ತೆರಡು ವರ್ಷ, ಇವತ್ತಿಗೂ ಟ್ರ್ಯಾಕ್ಟರ್ ಓಡಿಸುತ್ತಾರೆ. ಅಕ್ಕ ಹಿತ್ತಲಿಗೆ ಹೋದಾಗ ನನ್ನ ಪಕ್ಕ ಬಂದು ಕೂತು, "ನಿಂದು ವಸಿ ಕೊಡವ್ವ, ಹಾಕ್ಕೊಂಡು ನೋಡ್ತೀನಿ" ಅಂದರು. ಇದು ನನ್ನ ಗ್ರಾಫಿಗೆ ಹೊಂದಿಸಿದ್ದು ಭಾವ, ನಿಮಗೆ ಬರಲ್ಲ, ನಿಮ್ಮದೇ ಟೆಸ್ಟ್ ಆಗಬೇಕು ಅಂದೆ. ಕಾಗದ ತಂದು ಗೆರೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಮುಂದಿನ ಮಂಗಳವಾರ ಇಬ್ಬರೂ ಮೈಸೂರಿಗೆ ಹೋಗುತ್ತಿದ್ದೇವೆ. ಮನೆಯಲ್ಲಿ ಅವರು ಪಂಪ್‌ಸೆಟ್ಟಿನ ಸಾಮಾನು ತರುವುದಕ್ಕೆ ಅಂತ ಹೇಳಿದ್ದಾರಂತೆ. ಅಕ್ಕನಿಗೆ ಹೇಳಬೇಡ ಅಂದಿದ್ದಾರೆ, ನಾನೂ ಹೇಳಿಲ್ಲ.